ಒಂದು ಕೊಳವೆ, ಎರಡು ಬಾಯಿ

ಮಗಳ ಅಲ್ಲಾಡುವ ಹಲ್ಲು ನೋಡಲು ಕೂತ ಉಫ್, ಹಲ್ಲನ್ನು ನೋಡಲೇ ಇಲ್ಲ.

ಗಿಳಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಬಾಯಿ ಅಗಲಿಸಿದ್ದಳು. ಅವನು ಹೆಬ್ಬೆರಳಿನಿಂದ ಅವಳ ಕೆಳತುಟಿಯನ್ನು ಮೆಲ್ಲಗೆ ಮಡಚಿದ. ತುಟಿಯ ಒಳಮೈಯಲ್ಲಿ ಐದು ಪುಟ್ಟ ಗುಳ್ಳೆಗಳು ಕೂತಿದ್ದವು. ಬಣ್ಣ ತುಟಿಯದೇ, ಮೈ ನುಣುಪು, ಗಾತ್ರದಲ್ಲಿ ಸಾಸಿವೆಗಿಂತ ಒಂದು ಕೈ ಹೆಚ್ಚು. ಅವನಿಗೆ ಪರಿಚಯ ಮಾಡಿಕೊಡುವ ಅಗತ್ಯ ಇರಲಿಲ್ಲ. ಅವೇ ಗುಳ್ಳೆಗಳು ಅವನ ಬಾಯಲ್ಲೂ ಹನ್ನೊಂದಿದ್ದವು. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ನಾಲಿಗೆಯ ತುದಿಯಿಂದ ಅವುಗಳ ಹಾಜರಿ ತೆಗೆದುಕೊಳ್ಳುತ್ತಿದ್ದ. ಒಂದಾದರೂ ರಜೆ ಹಾಕಿದ್ದಿಲ್ಲ.

"ಬರುತ್ತಾ ಅಪ್ಪ?"

"ಇನ್ನೂ ಗಟ್ಟಿಯಿದೆ, ಬಿಡು," ಎಂದ. ಹಲ್ಲು ಗಟ್ಟಿಯಿತ್ತೋ ಸಡಿಲವಾಗಿತ್ತೋ ಅವನಿಗೆ ಗೊತ್ತಿರಲಿಲ್ಲ.

ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೊಳವೆ ಊದಿದ ಮೇಲೆ ಆ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದು, ಊರ ಬಾಯಲ್ಲಿ ಅವನು ಉಫ್ ಆಗಿದ್ದ. ಮಗಳು ಗಿಳಿಯಾದದ್ದು ತನ್ನದೇ ಕಸುಬಿನಿಂದ. ಒಂಬತ್ತು ವರ್ಷದ ಹುಡುಗಿ, ಯಾರ ಮಾತನ್ನು ಒಮ್ಮೆ ಕೇಳಿದರೂ ಸಾಕು, ಅವರ ಗಂಟಲನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಹೆಡ್‌ಮಾಸ್ತರರ ಗಂಟಲು ಸರಿಮಾಡುವ ಕೆಮ್ಮು, ಕೆಳಗಿನ ಮನೆಯಾಕೆಯ ರಾಗ, ಬಸ್ ಕಂಡಕ್ಟರನ ಮೂಗು ಎಲ್ಲ ಅವಳ ಸಂಗ್ರಹದಲ್ಲಿದ್ದವು.

ಕಾರ್ಖಾನೆ ಎಂದರೆ ಒಂದು ಕುಲುಮೆ, ನಾಲ್ಕು ಬೆಂಚು, ಹತ್ತು ಜನ. ಲ್ಯಾಬುಗಳಿಗೆ ಬೇಕಾದ ಬುರುಡೆ ಬಾಟಲಿ, ಉದ್ದ ಕತ್ತಿನ ಶೀಷೆ, ಔಷಧಿ ತುಂಬಿ ಬೆಂಕಿಯಲ್ಲಿ ಬಾಯಿ ಮುಚ್ಚುವ ಸಣ್ಣ ಗಾಜಿನ ನಳಿಕೆ, ಇವು ಅಲ್ಲಿಯ ಉತ್ಪತ್ತಿ. ದೊಡ್ಡ ಬುರುಡೆ ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಬೆಂಚಿನ ಮೇಲೆ ಕೂತು ಕೊಳವೆ ಉರುಳಿಸುತ್ತ, ತುದಿಯ ಬಿಸಿ ಗಾಜಿಗೆ ಆಕಾರ ಕೊಡಬೇಕು. ಇನ್ನೊಬ್ಬ ಆಚೆ ತುದಿಯಲ್ಲಿ ಮಂಡಿಯೂರಿ ಉಸಿರು ಕೊಡಬೇಕು. ಆಗಾಗ ಜಾಗ ಬದಲು. ಒಂದು ಕೊಳವೆಗೆ ಎರಡು ಬಾಯಿ ಅಲ್ಲಿಯ ಲೆಕ್ಕ. ಜೋಡಿಯವನು ಊದಿ ಕೊಟ್ಟ ಕೊಳವೆಯನ್ನು ಒರೆಸುವ ಪದ್ಧತಿ ಇರಲಿಲ್ಲ. ಒರೆಸಿದರೆ ಮುಖಕ್ಕೆ ಹೊಡೆದ ಹಾಗೆ. ಉಫ್‌ನ ಜೋಡಿ ಕೊಕ್ಕರೆ. ಹೆಸರು ಬಂದದ್ದು ಕತ್ತಿನಿಂದ. ಇಬ್ಬರೂ ಎಂಟು ವರ್ಷದಿಂದ ಒಂದೇ ಕೊಳವೆಯ ಎಂಜಲು.

ಈಗ ಅವರು ಊದುತ್ತಿದ್ದ ಕೊಳವೆ ಮೊದಲು ಹಿರಿಯ ಮೇಸ್ತ್ರಿಯದಾಗಿತ್ತು. ಮೇಸ್ತ್ರಿ ಹೋದರೆ ಕೊಳವೆ ಶಿಷ್ಯನಿಗೆ. ಮೂರು ವರ್ಷದ ಹಿಂದೆ ಮೇಸ್ತ್ರಿ ಹೋದದ್ದು ಬಾಯಿಂದಲೇ. ತುಟಿಯೊಳಗೆ ಏನೋ ಎದ್ದಿತ್ತಂತೆ, ಯಾರಿಗೂ ತೋರಿಸಲಿಲ್ಲ. ತೋರಿಸಿದವನನ್ನು ಕುಲುಮೆಯಿಂದ ಎಬ್ಬಿಸುತ್ತಾರೆಂದು ಮುಚ್ಚಿಟ್ಟುಕೊಂಡರು. ಕೊನೆಗೆ ಗಲ್ಲದ ಹೊರಗೇ ಬಂತು. ಕೊನೆಯ ವಾರ ನೋಡಲು ಹೋದಾಗ ಅವರು ಹತ್ತಿಯಲ್ಲಿ ನೀರು ಅದ್ದಿ ಹೀರುತ್ತಿದ್ದರು, ಕೋಣೆಯ ವಾಸನೆಗೆ ಉಫ್ ಹೊಸ್ತಿಲಲ್ಲೇ ನಿಂತಿದ್ದ.

ಈಗ ಅವನು ಉಳಿದ ದಾರಿಯನ್ನು ತಾನೇ ಜೋಡಿಸಿಕೊಂಡ. ಮೇಸ್ತ್ರಿಯ ಬಾಯಿಂದ ಕೊಳವೆಗೆ, ಕೊಳವೆಯಿಂದ ತನಗೆ, ತನ್ನ ಲೋಟದಿಂದ ಗಿಳಿಗೆ. ಬಿಸಿ ಹಾಲನ್ನು ಉಫ್ ಉಫ್ ಎಂದು ಊದಿ, ಒಂದು ಗುಟುಕು ತಾನು ಕುಡಿದು ನೋಡಿ, ಅವಳ ಕೈಗೆ ಕೊಟ್ಟ ಸಂಜೆಗಳು ಎಷ್ಟೆಂದು ಯಾರಿಗೆ ಗೊತ್ತು.

ಮರುದಿನವೇ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದ. ಚಿಕ್ಕ ವಯಸ್ಸಿನ ಡಾಕ್ಟರು, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಡಾಕ್ಟರು ಮಾತಾಡದೆ ನೋಡುವಷ್ಟು ಹೊತ್ತು ರೋಗಿಯ ಆಯುಸ್ಸಿನಲ್ಲಿ ವಜಾ ಆಗುತ್ತದೆಂದು ಉಫ್‌ಗೆ ಅನ್ನಿಸಿತು.

"ನೋಡೋಕೆ ಕೆಟ್ಟದ್ದು ಅನ್ಸಲ್ಲ," ಎಂದರು ಕೊನೆಗೆ. "ಒಂದು ವೈರಸ್ಸಿದೆ, ಬಾಯಲ್ಲಿ ಹೀಗೆ ಗುಳ್ಳೆ ಎಬ್ಸಿ ಸುಮ್ನೆ ಕೂರುತ್ತೆ, ಏನೂ ಮಾಡಲ್ಲ. ಆದ್ರೆ ಅನ್ಸೋದು ಬೇರೆ, ಗೊತ್ತಾಗೋದು ಬೇರೆ. ಒಂದು ತುಂಡು ತೆಗೆದು ಲ್ಯಾಬಲ್ಲಿ ನೋಡ್ಸಬೇಕು."

ಮಗಳದೂ ತೆಗೆಯಬೇಕೇ ಎಂದು ಉಫ್ ಕೇಳಿದ. ಬೇಡ, ಅಪ್ಪನದು ಏನೆಂದು ಗೊತ್ತಾದರೆ ಮಗಳದೂ ಗೊತ್ತಾದ ಹಾಗೆ, ಎಂದರು. ಸಮಾಧಾನಕ್ಕೆ ಹೇಳಿದ ಮಾತು ಅದು. ಅವನು ಅದನ್ನು ತಿರುಗಿಸಿ ಕೇಳಿಸಿಕೊಂಡ: ತನ್ನದು ಕೆಟ್ಟದ್ದಾದರೆ ಮಗಳದೂ ಕೆಟ್ಟದ್ದೇ. ಇನ್ನೊಂದು ಸಂಗತಿಯನ್ನೂ ಅವರು ಮುಜುಗರದಿಂದ ಹೇಳಿದರು: ತಾವು ತುಂಡು ಕಳಿಸುತ್ತಿದ್ದ ಲ್ಯಾಬ್ ಬಾಗಿಲು ಮುಚ್ಚಿದೆ. ಊರಲ್ಲಿ ಇದನ್ನು ನೋಡುವವರು ಯಾರಾದರೂ ಇದ್ದಾರೆಯೇ ಎಂದು ಅವನೇ ವಿಚಾರಿಸಿಕೊಂಡು ಬಂದರೆ, ತುಂಡು ತೆಗೆಯುವುದು ಐದು ನಿಮಿಷದ ಕೆಲಸ.

ಹುಡುಕಾಟ ಶುರುವಾಯಿತು. ಬಸ್ ನಿಲ್ದಾಣದ ಎದುರಿನ ಲ್ಯಾಬಿನಲ್ಲಿ ಕೌಂಟರಿನ ಹುಡುಗಿ ಹೋಟೆಲಿನ ಮಾಣಿಯ ಹಾಗೆ ಒಂದೇ ಉಸಿರಿಗೆ ರಕ್ತವೋ, ಮೂತ್ರವೋ, ಮಲವೋ, ಕಫವೋ ಎಂದು ಕೇಳಿದಳು. ಬಾಯಿ ಎಂದ. ಎಂಜಲೇ ಎಂದಳು. ಅಲ್ಲ, ಬಾಯಿಯದೇ ಒಂದು ತುಂಡು ಎಂದ. ಅವಳು ದರಪಟ್ಟಿಯನ್ನು ಮುಂದೆ ಹಿಂದೆ ತಿರುವಿ, ಬಾಯಿ ತಮ್ಮ ಪಟ್ಟಿಯಲ್ಲಿಲ್ಲವೆಂದು ತೀರ್ಪು ಕೊಟ್ಟಳು. ಟೈರ್ ಅಂಗಡಿಯ ಮೇಲಿನ ಲ್ಯಾಬಿನವನಂತೂ ಕುರ್ಚಿಯಿಂದ ಏಳಲೂ ಇಲ್ಲ.

"ನಾವು ಮೈಯಿಂದ ಬರೋದನ್ನ ಮಾತ್ರ ತಗೋತೀವಿ ಸ್ವಾಮಿ. ಮೈಯನ್ನೇ ತಂದ್ರೆ ಆಗಲ್ಲ."

ಮೂರನೆಯದು ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲಿನದು. ಅಲ್ಲಿ ತೆಗೆದುಕೊಳ್ಳುತ್ತಾರಂತೆ, ಎಲ್ಲಿಗೋ ಕಳಿಸುತ್ತಾರಂತೆ, ವರದಿ ಬರಲು ನಲವತ್ತೈದು ದಿನ. ಅಷ್ಟರೊಳಗೆ ರೋಗಿಗೆ ಏನಾದರೂ ಆದರೆ ಲ್ಯಾಬ್ ಹೊಣೆಯಲ್ಲವೆಂದು ಒಂದು ಕಾಗದಕ್ಕೆ ರುಜು ಹಾಕಬೇಕು. ಏನಾದರೂ ಎಂದರೆ ಏನು, ಎಂದು ಉಫ್ ಕೇಳಿದ. ಕೌಂಟರಿನಾಕೆ ಪೆನ್ನನ್ನು ಅವನತ್ತ ತಿರುಗಿಸಿ ಇಟ್ಟಳು, ಅಷ್ಟೇ. ಅವನು ರುಜು ಹಾಕದೆ ಹೊರಬಂದ.

ಮೂರೂ ಕಡೆ ಅವನ ಕಣ್ಣಿಗೆ ಬಿದ್ದದ್ದು ಕೌಂಟರಿನ ಹಿಂದಿನ ಕಪಾಟುಗಳು. ಉದ್ದ ಕತ್ತಿನ ಶೀಷೆಗಳು, ಬುರುಡೆಗಳು, ಸಾಲು ಸಾಲು. ಎಷ್ಟೋ ಅವನೂ ಕೊಕ್ಕರೆಯೂ ಊದಿದವು. ತಮ್ಮ ಉಸಿರಿನ ಆಕಾರವೆಲ್ಲ ಅಲ್ಲಿ ಕಪಾಟು ಹತ್ತಿ ಕೂತಿತ್ತು, ಬಾಯಿಯನ್ನು ಮಾತ್ರ ಯಾರೂ ಒಳಗೆ ಸೇರಿಸುತ್ತಿರಲಿಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯ ಜವಾನನೊಬ್ಬ ನೆಲಮಾಳಿಗೆಯ ಮೆಟ್ಟಿಲು ತೋರಿಸಿದ. ಕೆಳಗೆ ಓಣಿಯಂಥ ಮೊಗಸಾಲೆ, ಒಂದು ದೀಪ ಬಿಟ್ಟು ಒಂದು ಉರಿಯುತ್ತಿತ್ತು. ಎಡಗಡೆಯ ಬಾಗಿಲು ಶವಾಗಾರದ್ದು. ಬಲಗಡೆಯದು ತುಂಡು ನೋಡುವ ಡಾಕ್ಟರಮ್ಮನದು. ಯಾವ ಬಾಗಿಲೆಂದು ಕೇಳಿಕೊಂಡೇ ತಟ್ಟಿದ. ನಿವೃತ್ತಿಯ ಅಂಚಿನ ಹೆಂಗಸು, ಬೆರಳುಗಳಿಗೆಲ್ಲ ನೇರಳೆ ಬಣ್ಣ ಹತ್ತಿತ್ತು.

"ನೋಡ್ತೀನಪ್ಪ," ಎಂದರು ಎಲ್ಲ ಕೇಳಿ. "ಯಾವ ವೈರಸ್ಸು, ಅದರ ನಂಬರೇನು ಅಂತೆಲ್ಲ ಬೇಕಂದ್ರೆ ಬೇರೆ ಊರಿಗೆ ಕಳಿಸ್ಬೇಕು. ಒಳ್ಳೇದೋ ಕೆಟ್ಟದ್ದೋ ಅನ್ನೋಕೆ ನನ್ನ ಎರಡು ಕಣ್ಣು ಸಾಕು. ತುಂಡು ಹೊಸದಾಗಿ ಕೈಗೆ ಬರ್ಬೇಕು, ಅಷ್ಟೇ."

ಈ ನಡುವೆ ಮನೆಯಲ್ಲಿ ಹೊಸ ಕಾನೂನುಗಳು ಜಾರಿಯಾಗಿದ್ದವು. ಗಿಳಿಗೆ ಬೇರೆ ಲೋಟ, ಬೇರೆ ತಟ್ಟೆ. ಯಾರ ಮುಂದೆಯೂ ಬಾಯಿ ಅಗಲಿಸಿ ನಗಬಾರದು, ಅಣಕಿಸಬಾರದು. ಯಾಕೆಂದು ಹೆಂಡತಿ ಕೇಳಿದಾಗ ಉಫ್ ಅರ್ಧ ಹೇಳಿದ. ಉಳಿದರ್ಧವನ್ನು ಅವಳು ಅವನ ಮುಖದಲ್ಲಿ ಓದಿಕೊಂಡು, ಆ ರಾತ್ರಿಯಿಂದ ನಿದ್ದೆ ಬಂದವಳ ಹಾಗೆ ಮಲಗತೊಡಗಿದಳು. ಗಿಳಿ ಮೊದಲೆರಡು ದಿನ ಜಗಳ ಆಡಿದಳು. ಆಮೇಲೆ ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯತೊಡಗಿದಳು. ಮನೆಯಲ್ಲಿ ಹೆಡ್‌ಮಾಸ್ತರರೂ ಕಂಡಕ್ಟರನೂ ಬರುವುದು ನಿಂತುಹೋಯಿತು. ಇಷ್ಟೊಂದು ಜನ ಒಮ್ಮೆಗೇ ಬಿಟ್ಟುಹೋದ ಮನೆ ಹೇಗಿರುತ್ತದೋ ಹಾಗಿತ್ತು ಅವರ ಮನೆ.

ಹಲ್ಲಿನ ಡಾಕ್ಟರು ಅವನ ಕೆನ್ನೆಯೊಳಗಿನ ದೊಡ್ಡ ಗುಳ್ಳೆಯನ್ನು ಕತ್ತರಿಸಿ, ಔಷಧಿನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿ ಕೊಟ್ಟರು. ಉಫ್ ಅದನ್ನು ಅಂಗಿಯ ಜೇಬಿಗಿಟ್ಟುಕೊಂಡು ಸೈಕಲ್ ಹತ್ತಿದ. ಅರ್ಧ ದಾರಿಯಲ್ಲಿ ಮೂಗಿಗೆ ಘಾಟು ಹೊಡೆಯಿತು. ಜೇಬಿನ ಮೂಲೆ ಒದ್ದೆ. ಮುಚ್ಚಳ ಸೋರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿದು ಮುಂದೆ ಹೋಗುತ್ತಿದ್ದರು. ಆದರೆ ಒಂದು ಹನಿ ಸೋರಿದರೂ ಶೀಷೆಯನ್ನು ಒಡೆದು ಮತ್ತೆ ಕುಲುಮೆಗೆ ಹಾಕುವ ಕೈ ಅದು. ಮಗಳ ಬದುಕೇ ಅದರೊಳಗಿರುವಾಗ, ಪ್ಲಾಸ್ಟಿಕ್ಕನ್ನು ನಂಬುವುದೆಂದರೇನು. ಸೈಕಲನ್ನು ಕಾರ್ಖಾನೆಯತ್ತ ತಿರುಗಿಸಿದ. ಊಟದ ಹೊತ್ತು, ಬೆಂಚುಗಳು ಖಾಲಿ. ತಾನೇ ಎಳೆದ ತೆಳ್ಳನೆ ಕತ್ತಿನ ನಳಿಕೆಯೊಂದನ್ನು ತೊಳೆದು, ತುಂಡನ್ನೂ ನೀರನ್ನೂ ಅದಕ್ಕೆ ಇಳಿಸಿದ. ನಳಿಕೆಯನ್ನು ಓರೆಯಾಗಿ ಹಿಡಿದು, ಬೆರಳುಗಳಲ್ಲಿ ತಿರುಗಿಸುತ್ತ, ಕತ್ತನ್ನು ಬರ್ನರಿನ ಜ್ವಾಲೆಗೆ ಒಡ್ಡಿದ. ಗಾಜು ಕೆಂಪಗೆ ಮೆತ್ತಗಾಗಿ ತುಟಿ ಕೂಡಿಸಿಕೊಂಡಿತು. ಗಾಳಿಯೂ ನುಸುಳದ ಮೊಹರು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾದ ಮೊಹರು ಅವನು ಹಾಕಿರಲಿಲ್ಲ. ನೆಲಮಾಳಿಗೆಯಲ್ಲಿ ಡಾಕ್ಟರಮ್ಮ ಇರಲಿಲ್ಲ. ಸಹಾಯಕ ಅದನ್ನು ದೀಪಕ್ಕೆ ಹಿಡಿದು ನೋಡಿ ಹುಬ್ಬೇರಿಸಿ ಒಳಗಿಟ್ಟುಕೊಂಡ.

ಎಂಟನೆಯ ದಿನ ಕಾಗದ ಬಂತು. ಮಾದರಿ ಪರೀಕ್ಷೆಗೆ ಯೋಗ್ಯವಾಗಿಲ್ಲ. ಅಷ್ಟೇ.

ಉಫ್ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಹೋದ. ಡಾಕ್ಟರಮ್ಮ ಮೇಜಿನ ಮೇಲೆ ನಳಿಕೆಯ ಎರಡು ಹೋಳು ಇಟ್ಟರು.

"ಇದನ್ನ ಮಾಡಿದ್ಯಾರು?"

"ನಾನೇ."

"ಇಂಥ ಕೈಕೆಲಸ ನಾನು ನೋಡಿಲ್ಲ," ಎಂದರು. ಗೇಲಿಯಲ್ಲ, ನಿಜವಾಗಿ ಹೇಳುತ್ತಿದ್ದರು. "ಒಳಗಿದ್ದ ತುಂಡು ಬೆಂದುಹೋಗಿದೆಯಪ್ಪ. ಬೆಂದ ಮಾಂಸ ನನಗೇನೂ ಹೇಳಲ್ಲ."

ಅವನಿಗೆ ತಕ್ಷಣ ಹೊಳೆಯಿತು. ಮೊಹರು ಹಾಕಲು ಓರೆ ಹಿಡಿದಾಗ ನೀರಿನ ಜೊತೆ ತುಂಡೂ ಜಾರಿ ಕತ್ತಿಗೆ ಬಂದಿದೆ. ಅವನ ಕಣ್ಣು ಗಾಜಿನ ಬಣ್ಣದ ಮೇಲಿತ್ತು, ಒಳಗಿನದರ ಮೇಲಲ್ಲ. ಹೋದ ಎಂಟು ದಿನದಲ್ಲಿ ಗಿಳಿಯ ಗುಳ್ಳೆ ಐದರಿಂದ ಏಳಾಗಿತ್ತು.

ಹಲ್ಲಿನ ಡಾಕ್ಟರು ಈ ಸಲ ಅಪ್ಪ ಮಗಳು ಇಬ್ಬರ ಬಾಯಿಗೂ ದೀಪ ಹಿಡಿದು ತಲೆಯಾಡಿಸಿದರು. ಪರೀಕ್ಷೆಗೆ ಸಾಲುವಷ್ಟು ದೊಡ್ಡ ಗುಳ್ಳೆ ಅವನ ಬಾಯಲ್ಲಿ ಉಳಿದದ್ದು ಒಂದೇ, ಕೆಳತುಟಿಯ ನಟ್ಟನಡುವೆ, ಕೊಳವೆ ಕೂರುವ ಜಾಗದಲ್ಲಿ.

"ಅಲ್ಲಿ ಕತ್ತರಿಸಿದ್ರೆ ಗಾಯ ಗಂಟು ಕಟ್ಬಹುದು. ತುಟಿ ಮುಂಚಿನ ಹಾಗೆ ಕೊಳವೆ ಹಿಡಿಯುತ್ತೆ ಅಂತ ನಾನು ಮಾತು ಕೊಡಲ್ಲ. ಇಲ್ಲಾಂದ್ರೆ ಮಗೂದು ತಗೋಬಹುದು. ಅವಳದೊಂದು ಚೆನ್ನಾಗಿ ಬೆಳೆದಿದೆ."

ಚೆನ್ನಾಗಿ ಬೆಳೆದಿದೆ ಎಂಬ ಮಾತು ಉಫ್‌ನ ಕಿವಿಯಲ್ಲಿ ಬಹಳ ಹೊತ್ತು ಕೂತಿತ್ತು. ಅಷ್ಟರಲ್ಲಿ ಅವನು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗಿತ್ತು.

ಈ ಸಲ ಡಬ್ಬಿ ಕೈಯಲ್ಲೇ ಹೋಯಿತು, ಹೆಬ್ಬೆರಳು ಮುಚ್ಚಳದ ಮೇಲೆ. ಹನಿ ಸೋರಿ ಬೆರಳು ಉರಿಯಿತು. ಉರಿಯಲಿ ಎಂದುಕೊಂಡ.

ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದವನು ಕಾರಣ ಹೇಳದೆ ಇರುವ ಹಾಗಿರಲಿಲ್ಲ. ಯಜಮಾನರು ಎಲ್ಲವನ್ನೂ ಕೇಳಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಕಾಗದ ಬರುವವರೆಗೆ ಪ್ಯಾಕಿಂಗ್ ಕಡೆ ಕೂರು ಎಂದರು. ಹೀಗೆ ಕುಲುಮೆಯ ಮಗ್ಗುಲಿಂದ ಎದ್ದು ಹೋಗಿ, ಹುಲ್ಲು ಮತ್ತು ರದ್ದಿ ಕಾಗದದ ನಡುವೆ ಕೂತು, ಬೇರೆಯವರು ಊದಿದ ಬುರುಡೆಗಳಿಗೆ ಅಂಗಿ ತೊಡಿಸುವ ಕೆಲಸಕ್ಕೆ ಬಿದ್ದ. ಅವನ ಹೊಟ್ಟೆ ಉರಿದದ್ದು ಯಜಮಾನರಿಂದಲ್ಲ, ಕೊಕ್ಕರೆಯಿಂದ. ಎಂಟು ವರ್ಷದ ಜೋಡಿ, ಹತ್ತಿರ ಸುಳಿಯಲಿಲ್ಲ. ಮುಂಚೆ ಮಾತಿಗೊಂದು ಕೀಟಲೆ ಮಾಡುತ್ತಿದ್ದವನು ಈಗ ಗೋಡೆಯ ಕಡೆ ತಿರುಗಿ ಊಟ ಮಾಡುತ್ತಿದ್ದ. ಹೊಸ ಜೋಡಿಯವನಿಗೆ ಕೊಳವೆ ದಾಟಿಸುವ ಮುನ್ನ ಅದರ ಬಾಯನ್ನು ಅಂಗಿಯ ತುದಿಯಿಂದ ಗಸಗಸ ಒರೆಸುತ್ತಿದ್ದ. ಎಂಜಲಿನ ಭಯ ಹತ್ತಿಸಿದ್ದು ತಾನೇ ಎಂದು ಉಫ್ ತಲೆ ತಗ್ಗಿಸಿ ಹುಲ್ಲು ತುರುಕಿದ.

ಹನ್ನೆರಡನೆಯ ದಿನ ಡಾಕ್ಟರಮ್ಮ ಕರೆಸಿದರು. ಕಾಗದ ಕಳಿಸದೆ ಕರೆಸಿದ್ದಾರೆ ಎಂದರೆ ಏನರ್ಥವೆಂದು ಹೆಂಡತಿಯೂ ಅವನೂ ಒಬ್ಬರನ್ನೊಬ್ಬರು ಕೇಳಿಕೊಳ್ಳಲಿಲ್ಲ. ಮೊಗಸಾಲೆಯಲ್ಲಿ ಎಡಗಡೆಯ ಬಾಗಿಲು ಅರ್ಧ ತೆರೆದಿತ್ತು. ಅವನು ಬಲಗೋಡೆಗೆ ಭುಜ ಒರಸಿಕೊಂಡೇ ನಡೆದ.

"ಬಾ, ನೋಡು," ಎಂದು ಅವರು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೇರಳೆ ಚುಕ್ಕೆಗಳ ಒಂದು ಹೊಲ ಕಂಡಿತು, ಅಲ್ಲಲ್ಲಿ ಉಬ್ಬಿದ ಕಾಳುಗಳು. "ಅದೇ ವೈರಸ್ಸಿನ ಕೆಲಸ. ಹಲ್ಲಿನ ಡಾಕ್ಟರು ಹೇಳಿದ್ದೇ ಸರಿ. ಇದು ಯಾರನ್ನೂ ಕೊಲ್ಲಲ್ಲ. ಮಕ್ಕಳಲ್ಲಿ ಬರುತ್ತೆ, ಎಂಜಲಿಂದ ಹರಡುತ್ತೆ, ವರ್ಷಗಟ್ಲೆ ಇರುತ್ತೆ, ಒಂದು ದಿನ ತಾನಾಗೇ ಹೋಗುತ್ತೆ. ಮಗೂಗೆ ಏನೂ ಮಾಡ್ಬೇಡ. ಕಾಗದಕ್ಕೆ ಅಂತ ಕಾದ್ರೆ ಇನ್ನೂ ಮೂರು ದಿನ ಸಾಯ್ತೀಯ ಅಂತ ಕರೆಸ್ದೆ."

ಉಫ್‌ಗೆ ಮೇಸ್ತ್ರಿಯ ನೆನಪಾಯಿತು. ಅವರ ವಿಷಯ ಹೇಳಿದ. ಇದು ಮುಂದೆ ಅದಾಗುತ್ತದೆಯೇ ಎಂದು ಕೇಳಿದ.

"ಆಗಲ್ಲ. ಅದು ಬೇರೆ ವಂಶ. ಇದು ಮೆತ್ತಗಿರುತ್ತೆ, ತುಟಿ ಎಳೆದ್ರೆ ಚಪ್ಪಟೆಯಾಗಿ ಮಾಯ ಆಗುತ್ತೆ, ನೋವಿರಲ್ಲ. ಅದು ಬಿಳಿ, ಗಟ್ಟಿ, ಎಳೆದ್ರೂ ಜಾಗ ಬಿಡಲ್ಲ, ವಾಸಿಯಾಗಲ್ಲ. ಎರಡು ವಾರ ದಾಟಿದ್ರೆ ಓಡಿ ಬರ್ಬೇಕು." ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಯಾರೂ ಬರಲ್ಲಪ್ಪ. ಬರುವಾಗ ಕೊಯ್ದ ದವಡೆಯೇ ಬರುತ್ತೆ, ತಟ್ಟೆಯಲ್ಲಿ."

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಹೆಂಡತಿ ಅವನ ಮುಖ ನೋಡಿದವಳೇ ಅಡುಗೆಮನೆಯ ಕಟ್ಟೆಗೆ ಒರಗಿ ಕೂತುಬಿಟ್ಟಳು. ಅತ್ತದ್ದು ಆಮೇಲೆ, ಯಾವುದೋ ಪಾತ್ರೆ ಜಾಗದಲ್ಲಿಲ್ಲವೆಂದು ನೆಪ ಮಾಡಿಕೊಂಡು. ಉಫ್ ಗಿಳಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳು ಎಂದಿನಂತೆ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ನಿನ್ನ ಬಾಯಲ್ಲಿರೋದು ಏನೂ ಅಲ್ವಂತೆ ಪುಟ್ಟಿ. ತಾನಾಗೇ ಹೋಗುತ್ತಂತೆ. ಹೆದರ್ಕೋಬೇಡ."

"ನಾನು ಹೆದರ್ಕೊಂಡಿಲ್ಲ. ನಂಗೊತ್ತಿತ್ತು."

"ಯಾರು ಹೇಳಿದ್ರು?"

ಅಂಗೈ ಇನ್ನಷ್ಟು ಬಿಗಿಯಾಯಿತು. ಹೇಳಬಾರದೆಂದು ಆಣೆ ಹಾಕಿಸಿದ್ದಾರೆ ಎಂದಳು. ಆಣೆ ಹಾಕಿಸಿದವರ ಹೆಸರು ಹೇಳಬೇಡ, ಏನು ಹೇಳಿದರೋ ಅದನ್ನು ಹೇಳು ಸಾಕು, ಎಂದು ಉಫ್ ಅಪ್ಪಂದಿರಿಗೆ ಮಾತ್ರ ಹೊಳೆಯುವ ಒಂದು ಕಳ್ಳದಾರಿ ತೋರಿಸಿದ. ಗಿಳಿ ಯೋಚಿಸಿದಳು. ನ್ಯಾಯವಾಗಿ ಕಂಡಿತು. ಅಂಗೈ ಇಳಿಸಿ, ಕತ್ತನ್ನು ಒಂದು ಗೇಣು ಉದ್ದ ಮಾಡಿಕೊಂಡಳು.

"'ನೋಡು ಮರಿ, ನಂಗೂ ಇದೆ, ಆರು ವರ್ಷದಿಂದ. ನಾನೇನು ಸತ್ತೋದ್ನಾ? ನಿಮ್ಮಪ್ಪಂಗೆ ಹೇಳ್ಬಿಟ್ಟೀಯ, ನನ್ನನ್ನ ಹುಲ್ಲಿಗೆ ಹಾಕ್ತಾರೆ.'"

ಕೊಕ್ಕರೆಯೇ ಕೋಣೆಯೊಳಗೆ ಬಂದು ನಿಂತ ಹಾಗಿತ್ತು. ಉಫ್‌ಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷದಿಂದ ಆ ಬಾಯಲ್ಲಿ ಉತ್ತರ ಇತ್ತು. ಊರೆಲ್ಲ ಲ್ಯಾಬ್ ಹುಡುಕಿ, ತುಟಿ ಕತ್ತರಿಸಿಕೊಂಡು, ರಾತ್ರಿಗಳನ್ನು ಸುಟ್ಟುಕೊಂಡದ್ದೆಲ್ಲ ಕೊಳವೆಯ ಆಚೆ ತುದಿಯಲ್ಲಿದ್ದವನಿಗೆ ಗೊತ್ತಿತ್ತು. ಮಗುವನ್ನು ಸಮಾಧಾನ ಮಾಡುವಷ್ಟು ಕರುಳಿತ್ತು ಅವನಿಗೆ, ಅಪ್ಪನಿಗೆ ಹೇಳುವಷ್ಟು ಎದೆಯಿರಲಿಲ್ಲ.

ಸಿಟ್ಟು ಪೂರ್ತಿ ಮೇಲೇಳುವ ಮೊದಲೇ ಇನ್ನೊಂದು ಸಂಗತಿ ಅವನ ಕಿವಿಗೆ ತಾಗಿತು. ಗಿಳಿಯ ಅಣಕದಲ್ಲಿ ಮಾತುಗಳು ಒಂದು ಪಕ್ಕಕ್ಕೆ ವಾಲಿದ್ದವು, ಬಿಸಿ ತುತ್ತೊಂದನ್ನು ಕೆನ್ನೆಗೆ ತಾಗಿಸದೆ ಮಾತಾಡುವವನ ಹಾಗೆ. ದಿನಾ ಪಕ್ಕದಲ್ಲಿದ್ದೂ ಕೊಕ್ಕರೆಯಲ್ಲಿ ಅವನು ಅದನ್ನು ಕೇಳಿಸಿಕೊಂಡಿರಲಿಲ್ಲ. ಗಿಳಿ ತಪ್ಪು ಅಣಕಿಸುವವಳಲ್ಲ.

"ಯಾಕೆ ಹಾಗೆ ನಾಲಿಗೆ ಹೊರಳಿಸ್ತೀಯ?"

"ಈಗ ಹಾಗೇ ಮಾತಾಡೋದು ಮಾಮ," ಎಂದಳು, ಆಣೆಯನ್ನು ಮರೆತು. "ಈ ಕಡೆ ಒಂದು ಬಿಳೀದಿದೆ, ದೊಡ್ಡದು. ಅದು ನೋವಂತೆ. ಬೇರೆದೆಲ್ಲ ಮುಟ್ಟಕ್ಕೆ ಬಿಟ್ಟರು, ಅದನ್ನ ಬಿಡ್ಲಿಲ್ಲ."

"ಯಾವಾಗ ನೋಡಿದ್ದು?"

"ನನ್ನ ಹಲ್ಲು ಬಿತ್ತಲ್ಲ, ಅದಕ್ಕಿಂತ ಮುಂಚೆ."

ಹಲ್ಲು ಬಿದ್ದು ಮೂರು ವಾರವಾಗಿತ್ತು.

ಕೊಕ್ಕರೆಯ ಮನೆ ಎರಡು ಬೀದಿ ಆಚೆ. ಅಂದು ಅವನಿಗೆ ವಾರದ ರಜೆ, ಹೊರಗಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಹೊಲಿಯುತ್ತಿದ್ದ. ಉಫ್ ಬರುವುದನ್ನು ನೋಡಿ ಸೂಜಿ ನಿಂತಿತು.

"ಕಾಗದ ಬಂತಾ?" ಎಂದ. ಮಾತು ವಾಲಿತ್ತು. ಈಗ ಉಫ್‌ಗೆ ಅದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಬಂದ ಹಾಗೇ. ನಂದೂ ಮಗೂದೂ ಏನಿಲ್ವಂತೆ."

ಕೊಕ್ಕರೆ ಚಪ್ಪಲಿಯನ್ನು ಪಕ್ಕಕ್ಕಿಟ್ಟ. "ಮತ್ತೆ ಸರಿ ಬಿಡು. ನಾನಂದ್ಕೊಂಡೆ. ಏನಿರಲ್ಲ ಅದ್ರಲ್ಲಿ. ಯಾರ್ದೂ ಏನಿರಲ್ಲ."

"ಬಾಯಿ ತೆಗಿ."

ಕೊಕ್ಕರೆ ನಕ್ಕ, ತುಟಿ ಮುಚ್ಚಿಕೊಂಡೇ.

"ಬೈಯೋಕೆ ಬಂದಿಲ್ಲ ಕಣೋ. ಯಜಮಾನರಿಗೆ ಹೇಳಲ್ಲ. ಆ ಕಡೆದು ಒಂದ್ಸಲ ತೋರ್ಸು, ಸಾಕು."

ಆ ಕಡೆ ಎಂದಾಗ ನಗು ಹೋಯಿತು. ಅವನು ಚಪ್ಪಲಿಯನ್ನು ಎತ್ತಿಕೊಂಡು ಮತ್ತೆ ಹೊಲಿಯತೊಡಗಿದ. ದಾರ ಮುಗಿದಿತ್ತು, ಸೂಜಿ ಬರಿದೇ ಚರ್ಮವನ್ನು ಚುಚ್ಚಿ ಆಚೆ ಬರುತ್ತಿತ್ತು, ಈಚೆ ಬರುತ್ತಿತ್ತು. ಉಫ್ ಕೆಳಗಿನ ಮೆಟ್ಟಿಲಲ್ಲಿ ಕೂತ. ನೆಲಮಾಳಿಗೆಯ ಡಾಕ್ಟರಮ್ಮ ಆರು ಗಂಟೆಯವರೆಗೆ ಇರುತ್ತಾರೆ ಎಂದ. ತಾನೂ ಜೊತೆಗೆ ಬರುತ್ತೇನೆ ಎಂದ. ಒಳಗಿನಿಂದ ಕೊಕ್ಕರೆಯ ಹೆಂಡತಿ ಯಾರು ಬಂದಿದ್ದಾರೆಂದು ಕೂಗಿ ಕೇಳಿದಳು, ಇನ್ನೊಮ್ಮೆ ಕೇಳಿದಳು. ಕೊಕ್ಕರೆಯ ಮೂಗಿನ ಉಸಿರು ಜೋರಾಗಿತ್ತು, ತುಟಿಗಳು ಬಿಳಿಚಿಕೊಳ್ಳುವಷ್ಟು ಬಿಗಿದಿದ್ದವು. ಅವುಗಳನ್ನೇ ನೋಡುತ್ತ ಉಫ್ ಆ ಮೆಟ್ಟಿಲ ಮೇಲೆ ಕೂತೇ ಇದ್ದ.